ಅನುಭವ ಇಲ್ರೀ, ಆದ್ರೂ ಬಂದೀನಿ

ಆಷಾಢ ಮುಗಿಯುವ ಹೊತ್ತಿಗೆ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆ, ದಾಜಿಬಾನ ಪೇಟೆ, ಜವಳಿ ಸಾಲಿನ ಅಂಗಡಿಗಳ ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತಾರೆ. 'ಸೇಲ್ಸ್‌ಗೆ ಹುಡುಗರು, ಹುಡುಗಿಯರು ಬೇಕಾಗಿದ್ದಾರೆ. ಅನುಭವ ಇದ್ದವರಿಗೆ ಆದ್ಯತೆ.' ಈ ಕೊನೆಯ ಸಾಲು ಓದಿ ಎಷ್ಟೋ ಮಂದಿ ಬಾಗಿಲತನಕ ಬಂದವರು ಹಾಗೇ ತಿರುಗಿ ಹೋಗುತ್ತಾರೆ. ಒಳಗೆ ಕೂತವಳು ಹೇಳುತ್ತೇನೆ ಕೇಳಿ: ಆ ಸಾಲನ್ನು ಅಷ್ಟೊಂದು ನಂಬಬೇಡಿ. ಹೋದ ವರ್ಷದ ಹಾಳೆಯಲ್ಲಿತ್ತು ಅಂತ ಈ ವರ್ಷವೂ ಇರುತ್ತದೆ, ಅಷ್ಟೆ.

ನಾನು ಸೀರೆ ಅಂಗಡಿಯೊಂದರಲ್ಲಿ ಸೀರೆ ವಿಭಾಗ ನೋಡಿಕೊಳ್ಳುವವಳು. ಕೆಲಸ ಕೇಳಿಕೊಂಡು ಬಂದವರನ್ನು ಮೊದಲು ನನ್ನ ಮುಂದೆ ಕೂರಿಸುತ್ತಾರೆ. ನಾನು ಹೂಂ ಅಂದ ಮೇಲೆ ಸಾವಕಾರರ ಹತ್ತಿರ ಪಗಾರದ ಮಾತು. ಬರುವವರಲ್ಲಿ ಹೆಚ್ಚಿನವರು ಪಿಯುಸಿ ಮುಗಿಸಿದವರು, ಬಿಎ ಅರ್ಧಕ್ಕೆ ಬಿಟ್ಟವರು, ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಮೊದಲ ಸಲ ಮನೆಯಿಂದ ಹೊರಗೆ ದುಡಿಯಲು ಹೊರಟ ಹೆಣ್ಣುಮಕ್ಕಳು. ಕುರ್ಚಿಯ ತುದಿಯಲ್ಲಿ ಕೂತು ಅವರು ಆಡುವ ಮೊದಲ ಮಾತೇ 'ಅನುಭವ ಏನೂ ಇಲ್ರೀ' ಅಂತ. ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ.

ಅಂಗಡಿಯ ಲೆಕ್ಕವೇ ಬೇರೆ. ಶ್ರಾವಣ ಬಂತೆಂದರೆ ಪಂಚಮಿ, ವರಮಹಾಲಕ್ಷ್ಮಿ, ಗಣಪತಿ, ದಸರೆ, ದೀಪಾವಳಿ ಒಂದರ ಬೆನ್ನಿಗೆ ಒಂದು. ತುಳಸಿ ಲಗ್ನ ಮುಗಿದ ಮೇಲೆ ಮದುವೆ ಬಸ್ತಾ. ಒಂದು ಮನೆಯ ಬಸ್ತಾ ಅಂದರೆ ಟೆಂಪೊ ತುಂಬ ಜನ: ಬೀಗರು, ಸೋದರಮಾವ, ಮೂವರು ಅತ್ತೆಯಂದಿರು, ನಿದ್ದೆ ಬಂದು ಅಳುವ ಕೂಸು. ಇದಕ್ಕೆಲ್ಲ ಕೈ ಸಾಲಬೇಕಾದರೆ ಆಷಾಢದಲ್ಲೇ ಹೊಸಬರನ್ನು ತೆಗೆದುಕೊಂಡು ತಯಾರು ಮಾಡಬೇಕು. ಅನುಭವ ಇದ್ದವರು ಸಿಗುವುದಿಲ್ಲ ಅಂತಲ್ಲ, ಸಿಗುತ್ತಾರೆ. ಆದರೆ ಎದುರಿನ ಅಂಗಡಿಯವರು ಸಾವಿರ ರೂಪಾಯಿ ಹೆಚ್ಚು ಅಂದರೆ ದಸರೆಯ ಹಿಂದಿನ ದಿನವೇ ಹೊರಟುಬಿಡುತ್ತಾರೆ. ಅಲ್ಲಿಯ ಚಾಳಿಗಳನ್ನೂ ಜೊತೆಗೇ ತಂದಿರುತ್ತಾರೆ. ಗಿರಾಕಿಯ ಚಪ್ಪಲಿ ನೋಡಿ ಇವರು ಎಷ್ಟರ ಸೀರೆ ತಗೊಂಡಾರು ಅಂತ ಅಳೆಯುವುದು ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಮಣ್ಣು ಮೆತ್ತಿದ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದ ನವಲಗುಂದದ ಕಡೆಯ ಯಜಮಾನರು ಮಗಳ ಮದುವೆಗೆ ಇಡೀ ಬಳಗಕ್ಕೆ ಸೀರೆ ತೆಗೆದು, ರೊಕ್ಕ ಎಣಿಸಿ ಕೊಟ್ಟು ಹೋಗುವುದನ್ನು ನಾವು ಪ್ರತಿ ಹಂಗಾಮಿನಲ್ಲಿ ನೋಡುತ್ತೇವೆ. ಚಾಳಿ ಬಿಡಿಸುವುದು ಕಷ್ಟ, ಕೆಲಸ ಕಲಿಸುವುದು ಸುಲಭ. ಹಾಗಾಗಿ ಹೊಸಬರೇ ವಾಸಿ ಅನ್ನುವ ಅಂಗಡಿಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚು.

ಹಾಗಾದರೆ ಸಂದರ್ಶನದಲ್ಲಿ ನೋಡುವುದೇನು? ಈ ಮನುಷ್ಯ ನಾಳೆ ಬರುತ್ತಾನೋ ಇಲ್ಲವೋ, ನಾಳಿದ್ದೂ ಬರುತ್ತಾನೋ ಇಲ್ಲವೋ ಅನ್ನುವುದು ಮೊದಲು. ನಗಬೇಡಿ, ಈ ಧಂಧೆಯಲ್ಲಿ ದೊಡ್ಡ ತಲೆನೋವು ಅದೇ. ಆಮೇಲೆ, ಗೊತ್ತಿಲ್ಲದವರೊಬ್ಬರ ಜೊತೆ ಐದು ನಿಮಿಷ ನೆಟ್ಟಗೆ ಮಾತಾಡಬಲ್ಲರೋ ಇಲ್ಲವೋ. ಅದಾದ ಮೇಲೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಧೈರ್ಯ. ಸೀರೆಯ ಬಗ್ಗೆ ಏನು ಗೊತ್ತು ಅನ್ನುವುದು ಬಹಳ ಹಿಂದೆ ಬರುತ್ತದೆ.

ಅನುಭವದ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸುಳ್ಳು ಹೇಳಬೇಡಿ. 'ಬೆಂಗಳೂರಾಗ ಆರು ತಿಂಗಳು ಮಾಡೀನ್ರೀ' ಅಂದವರನ್ನು ಎದ್ದು ಒಂದು ಸೀರೆ ಮಡಿಸಿ ತೋರಿಸು ಅಂದರೆ ಅಲ್ಲಿಗೆ ಮುಗಿಯಿತು. ಹಾಗಂತ 'ಇಲ್ಲ' ಅಂದು ಬಾಯಿ ಮುಚ್ಚಿಕೊಂಡು ಕೂತರೂ ನನಗೆ ಕೇಳಲು ಏನೂ ಉಳಿಯುವುದಿಲ್ಲ. ಇಲ್ಲ ಅಂದ ಮೇಲೆ ಇನ್ನೊಂದು ಮಾತು ಬೇಕು. ಒಬ್ಬ ಹುಡುಗ ಬಂದಿದ್ದ, ಹಾವೇರಿ ಜಿಲ್ಲೆಯವನು, ಬಿಕಾಂ. ತಲೆ ಎತ್ತಲು ನಾಚಿಕೆ.

'ಏನಪಾ, ಮೊದ್ಲ ಎಲ್ಲೆರ ಕೆಲಸ ಮಾಡಿ ಏನು?'

'ಇಲ್ರೀ ಮೇಡಂ.'

'ರಜಾದಾಗ ಮನ್ಯಾಗ ಸುಮ್ನ ಕೂಡ್ತಿದ್ದಿ?'

'ಇಲ್ರೀ, ಅಪ್ಪನ ಜೋಡಿ ಬ್ಯಾಡಗಿ ಪ್ಯಾಟಿಗೆ ಹೋಗ್ತಿದ್ದೆ.'

'ಅಲ್ಲೇನ್ ಕೆಲಸ?'

'ಮೆಣಸಿನಕಾಯಿ ಚೀಲ ಇಳಸೂದು, ತೂಕ ಬರ್ಕೊಳ್ಳೂದು. ಖರೀದಿದಾರ್ರು ಬಂದ್ರ ಚೀಲದೊಳಗಿಂದ ಕಾಯಿ ತೆಗೆದು ತೋರಸೂದು.'

'ಮ್ಯಾಲಿಂದ ತೆಗೀತಿದ್ದೋ, ತಳದಿಂದೋ?'

ಆಗ ಮೊದಲ ಸಲ ತಲೆ ಎತ್ತಿದ. 'ನಡೂಕಿಂದ್ರೀ. ಮ್ಯಾಲಿಂದ ತೆಗೆದ್ರ ಅವರು ನಂಬೂದಿಲ್ಲ, ತಳದಾಗ ಪುಡಿ ಇರ್ತೈತಿ.'

ಇದು ಅನುಭವ ಅಲ್ಲದೆ ಮತ್ತೇನು? ಕೊಳ್ಳುವವರು ಏನು ಅನುಮಾನ ಪಡುತ್ತಾರೆ ಅಂತ ಅವರು ಕೇಳುವ ಮೊದಲೇ ಬಲ್ಲವನು ಅವನು. ಕಾಲೇಜಿನ ಯಾವ ಪುಸ್ತಕದಲ್ಲೂ ಅದನ್ನು ಅಷ್ಟು ಚೊಕ್ಕವಾಗಿ ಹೇಳಿರಲಿಕ್ಕಿಲ್ಲ. ಆದರೆ ನಾನು ಕೆದಕದೇ ಇದ್ದಿದ್ದರೆ ಅದು ಅವನ ಬಾಯಿಂದ ಬರುತ್ತಿರಲಿಲ್ಲ. ಎಲ್ಲ ಸಂದರ್ಶಕರಿಗೂ ಹೀಗೆ ಕೆದಕುವ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಮನೆಯಿಂದ ಹೊರಡುವ ಮೊದಲೇ ನೀವು ನಿಮ್ಮನ್ನು ಕೆದಕಿಕೊಳ್ಳಬೇಕು. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದಿದ್ದೀರಾ? ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಸಂಜೆ ಕೂತಿದ್ದೀರಾ? ಜಾತ್ರೆಯಲ್ಲಿ ಪ್ರಸಾದದ ಕೌಂಟರ್ ನಿಭಾಯಿಸಿದ್ದೀರಾ? ಅದನ್ನೇ ಹೇಳಿ. 'ನಾನು ಜನರ ಜೊತೆ ಚೆನ್ನಾಗಿ ಬೆರೆಯುತ್ತೇನೆ' ಅನ್ನುವ ಮಾತು ದಿನಕ್ಕೆ ಹತ್ತು ಜನರಿಂದ ಕೇಳಿಸುತ್ತದೆ, ಕಿವಿಯ ಮೇಲೆ ಬಿದ್ದು ಜಾರಿ ಹೋಗುತ್ತದೆ. 'ಜಾತ್ರೆಯಲ್ಲಿ ಇಬ್ಬರು ಪಾಳಿಗೆ ಜಗಳ ತೆಗೆದಾಗ ನಾನು ಹೀಗೆ ಮಾಡಿದೆ' ಅಂದರೆ ನಾನು ಪೆನ್ನು ಕೆಳಗಿಟ್ಟು ಕೇಳುತ್ತೇನೆ.

'ನಿಮ್ಮ ಬಗ್ಗೆ ಹೇಳಿ' ಅಂದಾಗ ಕೆಲವರು ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿದ ಇಂಗ್ಲಿಷ್ ಶುರುಮಾಡುತ್ತಾರೆ. ಮಧ್ಯದಲ್ಲಿ ಒಂದು ಸಾಲು ಮರೆತರೆ ಮತ್ತೆ ಮೊದಲಿಂದ. ದಯವಿಟ್ಟು ಬೇಡ. ನಮ್ಮ ಅಂಗಡಿಗೆ ಬರುವವರು ಕನ್ನಡ, ಮರಾಠಿ, ಉರ್ದು, ಸ್ವಲ್ಪ ಹಿಂದಿ ಆಡುವ ಜನ. ನಿಮಗೆ ಈ ಪೈಕಿ ಎರಡು ಬಂದರೆ ಅದನ್ನು ಹೇಳಿ, ಅದು ನನಗೆ ಪದವಿಗಿಂತ ದೊಡ್ಡದು. ಬೆಂಗಳೂರಿನ ಮಾಲ್‌ಗಳಲ್ಲಿ ಇಂಗ್ಲಿಷ್ ಕೇಳುತ್ತಾರೆ, ನಿಜ. ಅಲ್ಲಿಯೂ ಬೇಕಾಗುವುದು ಸೈಜು, ಬಣ್ಣ, ಬೆಲೆ, ಬದಲಾವಣೆಯ ನಿಯಮ ಇಷ್ಟನ್ನು ಹೇಳುವಷ್ಟು. ಊರು, ಓದು, ಮನೆಯಿಂದ ಅಂಗಡಿಗೆ ಎಷ್ಟು ದೂರ, ಈ ಕೆಲಸ ಯಾಕೆ ಬೇಕು, ಈ ನಾಲ್ಕು ಮಾತು ಒಂದು ನಿಮಿಷದಲ್ಲಿ ಮುಗಿದರೆ ಸಾಕು. ಯಾಕೆ ಬೇಕು ಅನ್ನುವುದಕ್ಕೆ ದೊಡ್ಡ ಕಾರಣ ಹುಡುಕಲು ಹೋಗಬೇಡಿ. 'ತಂಗಿ ನರ್ಸಿಂಗ್ ಓದ್ತಾಳ್ರೀ, ಫೀ ಕಟ್ಟಬೇಕು' ಅಂದವಳು ತಪ್ಪದೆ ಕೆಲಸಕ್ಕೆ ಬರುತ್ತಾಳೆ ಅಂತ ನನಗೆ ಧೈರ್ಯ.

ಹಿಂದಿನ ದಿನ ಆ ಅಂಗಡಿಗೊಮ್ಮೆ ಗಿರಾಕಿಯ ಹಾಗೆ ಹೋಗಿ ಬನ್ನಿ. ಏನೂ ಕೊಳ್ಳಬೇಕಿಲ್ಲ. ಯಾವ ಮಹಡಿಯಲ್ಲಿ ಏನಿದೆ, ಯಾವ ಕೌಂಟರ್ ಮುಂದೆ ಗದ್ದಲ, ಹೇಗೆ ಮಾತಾಡಿಸುತ್ತಾರೆ ನೋಡಿ. ರೇಷ್ಮೆ ಸೀರೆಗೆ ಸಿಕ್ಕಿಸಿದ ಚೀಟಿಯೊಂದನ್ನಾದರೂ ತಿರುಗಿಸಿ ಓದಿ. ಸಿಲ್ಕ್ ಮಾರ್ಕ್ ಅನ್ನುವ ಗುರುತು ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದದ್ದು, ಮಾಲು ಅಪ್ಪಟ ರೇಷ್ಮೆಯದು ಅಂತ ಹೇಳುವ ಚೀಟಿ. ಇಷ್ಟು ತಿಳಿದು ಬಂದ ಹೊಸಬರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ ಅಂತ ನಮ್ಮ ಸಾವಕಾರರ ಗೊಣಗಾಟ. 'ನಮ್ಮ ಅಂಗಡಿನೇ ಯಾಕೆ?' ಅನ್ನುವ ಪ್ರಶ್ನೆಗೆ 'ನಿಮ್ಮದು ಹೆಸರಾದ ಅಂಗಡಿ' ಅನ್ನುವುದಕ್ಕಿಂತ 'ನಿನ್ನೆ ಬಂದಿದ್ದೆ, ಮೇಲಿನ ಮಹಡಿಯಲ್ಲಿ ಖಣದ ಸೀರೆ ಎಲ್ಲಿವೆ ಅಂತ ಇಬ್ಬರು ಹುಡುಕುತ್ತಿದ್ದರು' ಅನ್ನುವುದು ಎಷ್ಟೋ ಮೇಲು. ಸ್ವಲ್ಪ ಚುಚ್ಚುತ್ತದೆ, ಚುಚ್ಚಲಿ. ಕಣ್ಣಿದೆ ಅಂತಾಯಿತಲ್ಲ.

ಇನ್ನು ಎಲ್ಲರೂ ಹೆದರುವ ಪರೀಕ್ಷೆ: 'ಇದನ್ನು ನನಗೆ ಮಾರು.' ದೊಡ್ಡ ಕಂಪನಿಗಳಲ್ಲಿ ಪೆನ್ನು ಕೊಡುತ್ತಾರಂತೆ, ನಾವು ಸೀರೆ ಕೊಡುತ್ತೇವೆ. ಕುಂದಗೋಳದ ಕಡೆಯ ಹುಡುಗಿಯೊಬ್ಬಳಿಗೆ ಕೈಮಗ್ಗದ ಇಳಕಲ್ ಸೀರೆ ಕೊಟ್ಟೆ. ಅವಳಿಗಿಂತ ಮೊದಲು ಬಂದವನು ಅದೇ ಸೀರೆ ಹಿಡಿದು 'ಬಾಳ ಛಲೋ ಕ್ವಾಲಿಟಿ, ಲೇಟೆಸ್ಟ್ ಡಿಸೈನ್, ತಗೋರಿ' ಅಂತ ಉಸಿರು ಬಿಡದೆ ಹೇಳಿ ಮುಗಿಸಿದ್ದ. ಅಜ್ಜಿಯ ಕಾಲದ ಗೋಮಿ ದಡಿಗೆ ಲೇಟೆಸ್ಟ್ ಡಿಸೈನ್! ಈ ಹುಡುಗಿ ಸೀರೆ ಬಿಚ್ಚಲೇ ಇಲ್ಲ. ಮೊದಲು ಕೇಳಿದಳು:

'ಯಾರಿಗ್ರೀ ಅಕ್ಕಾರ, ನಿಮಗೋ, ಕೊಡಾಕೋ?'

'ನಮ್ಮತ್ತಿಗೆ' ಅಂದೆ.

'ದಿನಾ ಉಡ್ತಾರೇನ್ರೀ, ಹಬ್ಬಕ್ಕೋ?'

'ಅವರು ಉಡೂದ ಇಳಕಲ್.'

ಆಗ ಸೆರಗು ಮಾತ್ರ ನನ್ನ ಕಡೆ ತಿರುಗಿಸಿದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ನೂಲು ಬೇರೆ, ಸೆರಗಿನ ಹಾಸು ನೂಲು ಬೇರೆ. ಒಡಲಿಗೆ ಹತ್ತಿ ಇದ್ದರೂ ಸೆರಗಿಗೆ ಕೆಂಪು ರೇಷ್ಮೆ ಇರುತ್ತದೆ. ಈ ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅವಳು ಆ ಕೂಡಿಸಿದ ಜಾಗದ ಮೇಲೆ ಬೆರಳಾಡಿಸಿ, 'ನಮ್ಮಜ್ಜಿ ಮೊದ್ಲ ಇಲ್ಲೆ ನೋಡ್ತಿದ್ಳ್ರೀ. ಕೊಂಡಿ ಇದ್ರ ಕೈಮಗ್ಗದ್ದು ಅಂತಿದ್ಳು. ನಿಮ್ಮತ್ತಿಯರೂ ಇಲ್ಲೆ ನೋಡ್ತಾರ' ಅಂದಳು. ಬೆಲೆ ಎಷ್ಟು ಅಂತ ನಾನೇ ಕೇಳಬೇಕಾಯಿತು. ಚೀಟಿ ನೋಡಿ ಹೇಳಿದಳು, ಹೇಳಿ ಸುಮ್ಮನಾದಳು. ಆ ಸುಮ್ಮನಿರುವುದು ಹೊಸಬರಿಗೆ ಬರುವುದಿಲ್ಲ. ಬೆಲೆ ಹೇಳಿದ ಕೂಡಲೇ ಗಾಬರಿಬಿದ್ದು 'ಜಾಸ್ತಿ ಅನಿಸಿದರೆ ಕಡಿಮೆದೂ ಅದಾವ್ರಿ' ಅಂದುಬಿಡುತ್ತಾರೆ. ಗಿರಾಕಿಗೆ ಜಾಸ್ತಿ ಅನಿಸಿರುವುದೇ ಇಲ್ಲ, ನಾವೇ ಅನಿಸುವ ಹಾಗೆ ಮಾಡುತ್ತೇವೆ.

ಅವಳು ಹೆಚ್ಚು ಮಾತಿನವಳಲ್ಲ. ಸೇಲ್ಸ್‌ಗೆ ವಾಚಾಳಿಗಳೇ ಬೇಕು ಅನ್ನುವುದು ಹೊರಗಿನವರ ನಂಬಿಕೆ. ನಮ್ಮಲ್ಲಿ ಚೆನ್ನಾಗಿ ಮಾರುವವರಲ್ಲಿ ಅರ್ಧ ಜನ ಮೆತ್ತಗಿನವರು. ಅವರು ಕೇಳುವ ಪ್ರಶ್ನೆ ಸರಿಯಾಗಿರುತ್ತದೆ: ಯಾರಿಗೆ, ಯಾವ ಕಾರ್ಯಕ್ಕೆ, ಯಾವ ಬಣ್ಣ ಮನೆಯಲ್ಲಿ ಆಗಲೇ ಇದೆ. ಹಾಗೆಂದು 'ಎಷ್ಟರೊಳಗ ಬೇಕ್ರೀ' ಅಂತ ಬಾಗಿಲಲ್ಲೇ ಕೇಳಬಾರದು. ಮದುವೆ ಮನೆಯವರ ಮುಂದೆ, ಅದರಲ್ಲೂ ಬೀಗರ ಎದುರು, ಆ ಪ್ರಶ್ನೆ ಮರ್ಯಾದೆಗೆ ಕುತ್ತು. ಮಧ್ಯದ ಬೆಲೆಯ ಎರಡು ಸೀರೆ ತೆರೆದರೆ ಸಾಕು, ಕಣ್ಣು ಮೇಲಿನ ಗೂಡಿಗೆ ಹೋಗುತ್ತದೋ ಕೆಳಗಿನದಕ್ಕೋ ತಿಳಿದುಬಿಡುತ್ತದೆ. ಸಂದರ್ಶನದಲ್ಲಿ ಪೆನ್ನೇ ಕೊಡಲಿ, ಮೊಬೈಲೇ ಕೊಡಲಿ, ಹೊಗಳಲು ಶುರುಮಾಡುವ ಮೊದಲು ಎರಡು ಪ್ರಶ್ನೆ ಕೇಳಿ. ಪರೀಕ್ಷೆ ಇರುವುದೇ ಅಲ್ಲಿ.

ಇಕ್ಕಟ್ಟಿನ ಪ್ರಶ್ನೆಗಳೂ ಬರುತ್ತವೆ. ನಾನು ತಪ್ಪದೆ ಕೇಳುವುದು ಇದು: 'ಗಿರಾಕಿ ಈ ಸೀರೆ ಬಣ್ಣ ಬಿಡ್ತದೇನು ಅಂತ ಕೇಳಿದ್ರು, ನಿನಗೆ ಗೊತ್ತಿಲ್ಲ, ಏನಂತಿ?' ಹುಮ್ಮಸ್ಸಿನಲ್ಲಿ 'ಗ್ಯಾರಂಟಿ ಬಿಡೂದಿಲ್ಲ ಅಂತೀನ್ರೀ' ಅನ್ನುವವರು ಬಹಳ. ಆ ಸೀರೆ ಒಗೆದ ಮರುದಿನ ಕೌಂಟರ್‌ಗೆ ವಾಪಸ್ ಬರುತ್ತದೆ, ಜೊತೆಗೆ ಗಿರಾಕಿಯ ಅಕ್ಕ, ತಂಗಿ, ನೆರೆಮನೆಯವರೂ ಬರುತ್ತಾರೆ. 'ಒಂದ್ನಿಮಿಷ ಕುಂದ್ರಿ, ಒಳಗ ಕೇಳಿ ಬಂದು ಹೇಳ್ತೀನಿ' ಅನ್ನುವುದೇ ಸರಿಯುತ್ತರ. ಬಿಲ್ ಇಲ್ಲದೆ ಸೀರೆ ಬದಲಿಸಿ ಕೊಡಿ ಅಂತ ಜಗಳಕ್ಕೆ ನಿಂತವರ ವಿಷಯದಲ್ಲೂ ಹೀಗೇ. ಅವರು ಹೇಳುವುದನ್ನು ಪೂರ್ತಿ ಕೇಳುತ್ತೇನೆ, ಆಗುತ್ತದೆ ಅಂತಲೂ ಆಗುವುದಿಲ್ಲ ಅಂತಲೂ ನಾನೇ ಹೇಳುವುದಿಲ್ಲ, ಹಿರಿಯರನ್ನು ಕರೆಯುತ್ತೇನೆ ಅಂದರೆ ಮುಗಿಯಿತು. ಹೊಸಬರಿಂದ ಯಾರೂ ತೀರ್ಪು ಬಯಸುವುದಿಲ್ಲ.

ಲೆಕ್ಕ ಕೇಳುತ್ತಾರೆ, ತಯಾರಾಗಿ ಹೋಗಿ. 1,850 ರೂಪಾಯಿಯ ಸೀರೆಗೆ ಶೇ. 20 ರಿಯಾಯಿತಿ ಅಂದರೆ ಎಷ್ಟು? ಹತ್ತರಲ್ಲೊಂದು ಪಾಲು 185, ಅದರ ಎರಡರಷ್ಟು 370, ಕೊಡಬೇಕಾದದ್ದು 1,480. ಫೋನ್ ಕೈಗೆತ್ತಿಕೊಂಡರೆ ನಾನೇನೂ ಬೈಯುವುದಿಲ್ಲ, ಆದರೆ ಬಾಯಲ್ಲಿ ಹೇಳಿದವರ ಹೆಸರ ಮುಂದೆ ಒಂದು ಗೀಟು ಬೀಳುತ್ತದೆ. ಆಷಾಢದ ಸೇಲ್‌ನಲ್ಲಿ ದಿನಾ ಎದುರಾಗುವುದು ಇನ್ನೊಂದು: 'ಶೇ. 20, ಅದರ ಮೇಲೆ ಶೇ. 10.' ಗಿರಾಕಿ ಅದನ್ನು ಶೇ. 30 ಅಂತ ತಿಳಿದಿರುತ್ತಾರೆ. 2,000 ರೂಪಾಯಿಯ ಸೀರೆಗೆ ಮೊದಲು 400 ಕಳೆದು 1,600, ಅದರಲ್ಲಿ 160 ಕಳೆದು 1,440. ಕೂಡಿ ನೋಡಿದರೆ ಶೇ. 28. ಇದನ್ನು ಬಿಲ್ಲಿನ ಹತ್ತಿರ ಜಗಳವಾಗುವ ಮೊದಲೇ ನಗುತ್ತ ಹೇಳಬಲ್ಲವರು ನನಗೆ ಬೇಕು.

ಬಟ್ಟೆಯ ವಿಚಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಇಸ್ತ್ರಿ ಮಾಡಿದ ಸಾದಾ ಬಟ್ಟೆ, ಬಾಚಿದ ತಲೆ. ಉಗುರು ಮಾತ್ರ ನೋಡಿಕೊಳ್ಳಿ. ಸೀರೆ ಅಂಗಡಿಯಲ್ಲಿ ಉಗುರು ಅಂದ ಚಂದದ ಮಾತಲ್ಲ, ಒಡೆದ ಉಗುರು ರೇಷ್ಮೆಯ ಎಳೆ ಹಿಡಿದು ಎಳೆದರೆ ಆ ಮಾಲು ಹೋಯಿತು. ಬಳೆ, ಉಂಗುರದ ಚೂಪು ಕಲ್ಲು ಕೂಡ ಹಾಗೇ.

ಕಾಲಿನ ಮಾತು ಮುಚ್ಚಿಡಬಾರದು. ಬೆಳಿಗ್ಗೆ ಹತ್ತಕ್ಕೆ ನಿಂತವರು ರಾತ್ರಿ ಅಂಗಡಿ ಮುಚ್ಚುವವರೆಗೆ ನಿಂತೇ ಇರುವ ದಿನಗಳು ಈ ಕೆಲಸದಲ್ಲಿವೆ. 'ದಿನವಿಡೀ ನಿಲ್ಲಬಲ್ಲಿರಾ' ಅಂತ ಕೇಳಿದಾಗ ಹೂಂ ಅನ್ನುವ ಮೊದಲು ನಿಮ್ಮ ಆರೋಗ್ಯ ನೆನೆಸಿಕೊಳ್ಳಿ. ಹಾಗೆಯೇ 'ಗಿರಾಕಿ ಇಲ್ಲದಾಗ ಕೂರಬಹುದೇ' ಅಂತ ತಿರುಗಿ ಕೇಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಕೇರಳದಲ್ಲಿ ಕೋಳಿಕ್ಕೋಡಿನ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿಯ ಅಂಗಡಿ ಕಾಯ್ದೆಗೇ ತಿದ್ದುಪಡಿ ಬಂತು, ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಅಂತ. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಕೂತ ಸೇಲ್ಸ್‌ಗರ್ಲ್ ಸೋಮಾರಿ ಅನ್ನುವ ಸಾವಕಾರರ ಹಳೇ ನಂಬಿಕೆ ನನಗೆ ಒಂದು ದಿನವೂ ಒಪ್ಪಿಗೆಯಾಗಿಲ್ಲ. ಕಾಲು ನೋವಿನವರು ಸಂಜೆ ಏಳರ ಮೇಲೆ ಗಿರಾಕಿಯ ಮುಖ ನೋಡಿ ನಗುವುದಾದರೂ ಹೇಗೆ?

ರಜೆಯ ಮಾತೂ ಮೊದಲೇ ಆಗಲಿ. ಎಲ್ಲರೂ ಪೇಟೆಗೆ ಬರುವ ಭಾನುವಾರ ನಮಗೆ ದುಡಿಮೆಯ ದಿನ, ವಾರದ ರಜೆ ಮಂಗಳವಾರವೋ ಬುಧವಾರವೋ ಬರುತ್ತದೆ. ದೀಪಾವಳಿಗೆ ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು ಕೂರುವುದು ಆಗದು. ಇದಕ್ಕೆ ಮನೆಯವರು ಒಪ್ಪಿದ್ದಾರೋ ಕೇಳಿಕೊಂಡು ಬನ್ನಿ. 'ರಾತ್ರಿ ಹೆಂಗ ಹೋಗ್ತಿ?' ಅನ್ನುವುದು ಹುಡುಗಿಯರಿಗೆ ನಾನು ಕೇಳುವ ಪ್ರಶ್ನೆ, ಹುಡುಗರಿಗೂ ಕೇಳುತ್ತೇನೆ. ಧಾರವಾಡದವರಿಗೆ ಚಿಗರಿ ಬಸ್ಸಿದೆ, ತೊಂದರೆಯಿಲ್ಲ. ಕಲಘಟಗಿ, ಕುಂದಗೋಳದ ಒಳಹಳ್ಳಿಯವರಿಗೆ ಕೊನೆಯ ಬಸ್ಸಿನ ಹೊತ್ತು ಬಾಯಲ್ಲಿರಬೇಕು. ಅದನ್ನು ಮೊದಲ ದಿನವೇ ಹೇಳಿದರೆ ನಾನು ಪಾಳಿ ಹೊಂದಿಸಬಲ್ಲೆ. ಹಬ್ಬದ ಗದ್ದಲದ ನಡುವೆ ಹೇಳಿದರೆ ಆಗದು.

ಮಾಲ್‌ಗಳ ದೊಡ್ಡ ಮಳಿಗೆಗಳಲ್ಲಿ ದಾರಿ ಸ್ವಲ್ಪ ಬೇರೆ. ಅಲ್ಲಿ ಮೊದಲು ಎಚ್‌ಆರ್, ಆಮೇಲೆ ಸ್ಟೋರ್ ಮ್ಯಾನೇಜರ್. ಕೆಲವು ಕಡೆ ಫೋನಿನಲ್ಲೇ ಚಿಕ್ಕ ಪರೀಕ್ಷೆ. ಕನ್ವರ್ಷನ್ ಅನ್ನುವ ಮಾತು ಕಿವಿಗೆ ಬೀಳುತ್ತದೆ, ಹೆದರಬೇಡಿ. ನೂರು ಜನ ಒಳಗೆ ಬಂದು ಮೂವತ್ತು ಜನ ಬಿಲ್ ಮಾಡಿಸಿದರೆ ಕನ್ವರ್ಷನ್ ಶೇ. 30, ಅಷ್ಟೆ. ಮೊಬೈಲ್, ಟಿವಿ ಅಂಗಡಿಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಲ್ಲಿ ನಿಂತಿರುವ ಹುಡುಗರಲ್ಲಿ ಕೆಲವರು ಅಂಗಡಿಯ ಆಳುಗಳೇ ಅಲ್ಲ, ಯಾವುದೋ ಕಂಪನಿಯ ಪ್ರಮೋಟರ್‌ಗಳು, ಪಗಾರ ಬರುವುದು ಮೂರನೆಯವರ ಏಜೆನ್ಸಿಯಿಂದ. ಆದ್ದರಿಂದ 'ನನ್ನ ಪಗಾರ ಯಾರು ಕೊಡುತ್ತಾರೆ' ಅನ್ನುವುದನ್ನು ಅಲ್ಲಿ ಬಿಡಿಸಿ ಕೇಳಲೇಬೇಕು. ಇನ್ನು ತರಬೇತಿ ಪಡೆದೇ ಹೋಗುತ್ತೇನೆ ಅನ್ನುವ ಹಳ್ಳಿಯ ಯುವಕ ಯುವತಿಯರಿಗೆ 2014ರಲ್ಲಿ ಶುರುವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ರಿಟೇಲ್ ಕೂಡ ಒಂದು ವಿಷಯ, ಶುಲ್ಕವಿಲ್ಲ. ಅಲ್ಲಿಂದ ಬಂದವರಿಗೆ ಬಿಲ್ಲಿಂಗ್ ಯಂತ್ರದ ಭಯ ಇರುವುದಿಲ್ಲ. ಗಿರಾಕಿಯ ಭಯ ಮಾತ್ರ ಕೌಂಟರ್ ಮುಂದೆ ನಿಂತೇ ಹೋಗಬೇಕು.

ಕೊನೆಗೆ 'ನೀವೇನಾದರೂ ಕೇಳುವುದಿದೆಯೇ' ಅನ್ನುತ್ತಾರೆ. ಆಗ 'ಏನಿಲ್ರೀ' ಅನ್ನುವವರೇ ಜಾಸ್ತಿ. ಅಂಗಡಿಯ ಉಪ್ಪು ತಿನ್ನುವವಳಾಗಿ ನಾನು ಇದನ್ನು ಬರೆಯಬಾರದೋ ಏನೋ, ಆದರೂ ಬರೆಯುತ್ತೇನೆ: ಕೇಳಿ, ಎಲ್ಲ ಕೇಳಿ. ಪಗಾರ ಅಂದಾಗ ಅದು ಕೈಗೆ ಬರುವುದೋ, ಕಡಿತಕ್ಕಿಂತ ಮೊದಲಿನದೋ? 15,000 ರೂಪಾಯಿ ಪೂರ್ತಿ ಮೂಲವೇತನ ಅಂದುಕೊಳ್ಳಿ. ಪಿಎಫ್‌ಗೆ ಶೇ. 12, ಅಂದರೆ 1,800. ಇಎಸ್‌ಐಗೆ ಶೇ. 0.75, ಅಂದರೆ ಸುಮಾರು 113. ಕೈಗೆ ಬರುವುದು 13,087ರ ಆಸುಪಾಸು. ಹಿಡಿದುಕೊಂಡರು ಅಂತ ಬೇಜಾರಾಗಬೇಡಿ. ಮಾಲಕರೂ ಪಿಎಫ್‌ಗೆ ತಮ್ಮ ಪಾಲು ಶೇ. 12, ಇಎಸ್‌ಐಗೆ ಶೇ. 3.25 ಹಾಕಬೇಕು, ಮನೆಯವರ ಆಸ್ಪತ್ರೆ ಖರ್ಚಿಗೂ ಆ ಇಎಸ್‌ಐ ಕಾರ್ಡು ಬರುತ್ತದೆ. ಪಿಎಫ್, ಇಎಸ್‌ಐ ಎರಡೂ ಇಲ್ಲ, ಪೂರ್ತಿ ಕೈಗೇ ಕೊಡುತ್ತೇವೆ ಅನ್ನುವ ದೊಡ್ಡ ಅಂಗಡಿಯ ಬಗ್ಗೆಯೇ ಅನುಮಾನ ಇಟ್ಟುಕೊಳ್ಳಿ.

ಇನ್ಸೆಂಟಿವ್ ಅಂದರೆ ಯಾವ ಮಾಲಿಗೆ, ಎಷ್ಟು ಮಾರಿದ ಮೇಲೆ, ಯಾವ ತಾರೀಖಿಗೆ ಅಂತ ಕೇಳಿ. ಗೂಡಿನಲ್ಲಿ ಕೂತ ಹಳೇ ಮಾಲು ಮಾರಿದರೆ ಹೆಚ್ಚು ಕೊಡುವುದು ನಮ್ಮ ಧಂಧೆಯ ಪದ್ಧತಿ. ಮಾಲು ಕಡಿಮೆ ಬಿದ್ದರೆ ಪಗಾರದಲ್ಲಿ ಹಿಡಿಯುತ್ತಾರೋ ಅದೂ ತಿಳಿಯಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕದ ಆದೇಶ ಬರಹದಲ್ಲಿ ಕೊಡಬೇಕು ಅಂತ ಅದರಲ್ಲೇ ಇದೆ. ವಾರಕ್ಕೊಂದು ರಜೆಯೂ ಅದರಲ್ಲಿದೆ. ಆದೇಶದ ಕಾಗದ ಕೇಳಿದ್ದಕ್ಕೆ ಮುಖ ಸಿಂಡರಿಸುವವರಿದ್ದಾರೆ, ಸಿಂಡರಿಸಲಿ.

ಎರಡು ವಿಷಯಕ್ಕೆ ಮಾತ್ರ ಎದ್ದು ಬಂದುಬಿಡಿ. ನೋಂದಣಿ, ಯೂನಿಫಾರ್ಮ್, ತರಬೇತಿ ಅಂತ ಏನೇ ಹೆಸರಿಟ್ಟು ಮೊದಲೇ ದುಡ್ಡು ಕೇಳಿದರೆ ಒಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅಸಲು ನಮ್ಮ ಹತ್ತಿರ ಇರಲಿ ಅಂದರೆ ಇನ್ನೊಂದು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿಗಳ ಜೆರಾಕ್ಸ್, ಎರಡು ಫೋಟೊ, ಇಷ್ಟು ಕೊಟ್ಟರೆ ಸಾಕು. ಅಸಲು ತೋರಿಸಿ ವಾಪಸ್ ಚೀಲಕ್ಕೆ ಹಾಕಿಕೊಳ್ಳಿ.

ಎಲ್ಲ ಸರಿಹೋದರೆ ಒಂದೆರಡು ದಿನ ಕೌಂಟರ್ ಹಿಂದೆ ನಿಲ್ಲಿಸಿ ನೋಡುತ್ತಾರೆ. ಆ ದಿನಗಳ ಪಗಾರ ಉಂಟೋ ಇಲ್ಲವೋ ಮೊದಲೇ ಕೇಳಿಬಿಡಿ, ದುಡಿಸಿಕೊಂಡ ಮೇಲೆ ಕೊಡಲೇಬೇಕು ಅನ್ನುವವಳು ನಾನು. ಆಗ ಮಾರುವ ಕೆಲಸ ಕೊಡುವುದಿಲ್ಲ. ಗಿರಾಕಿ ಎದ್ದು ಹೋದ ಮೇಲೆ ಗಾದಿಯ ಮೇಲೆ ಗುಡ್ಡೆ ಬಿದ್ದ ಸೀರೆಗಳನ್ನು ಮಡಿಸುವ ಕೆಲಸ. ದಡಿಗೆ ದಡಿ ಕೂಡಬೇಕು, ಹಳೆಯ ಗೆರೆಯ ಮೇಲೇ ಮಡಿಕೆ ಬೀಳಬೇಕು, ಬೆಲೆಚೀಟಿ ಹೊರಗೆ ಕಾಣಬೇಕು. ಮಡಿಸುತ್ತ ಮಡಿಸುತ್ತ ಕಿವಿ ಪಕ್ಕದ ಕೌಂಟರ್ ಕಡೆ ಇಟ್ಟವರು ಬೇಗ ಕಲಿಯುತ್ತಾರೆ: ಹಿರಿಯ ಸೇಲ್ಸ್‌ನವರು ಯಾವ ಸೀರೆ ಮೊದಲು ತೆರೆದರು, ಅತ್ತೆಗೆ ಬೇಡವಾದದ್ದನ್ನು ಸೊಸೆಗೆ ಹೇಗೆ ತೋರಿಸಿದರು, ಏನೂ ಕೊಳ್ಳದೆ ಎದ್ದವರಿಗೂ 'ಮತ್ತ ಬರ್ರಿ ಅಕ್ಕಾರ' ಅಂತ ಅಂದರೋ ಇಲ್ಲವೋ.

ಮೊದಲ ಸಲಕ್ಕೆ ಆಗಲಿಲ್ಲ ಅಂತಿಟ್ಟುಕೊಳ್ಳಿ. 'ಫೋನ್ ಮಾಡ್ತೀವಿ' ಅಂದು ಕಳಿಸಿದರೆ ಅದು ಯಾವಾಗಲೂ ಸುಳ್ಳಲ್ಲ. ನನ್ನ ಮೇಜಿನ ಮೇಲೊಂದು ನೋಟ್‌ಬುಕ್ ಇದೆ, ಬಂದವರ ಹೆಸರು, ನಂಬರು, ಪಕ್ಕದಲ್ಲಿ ಎರಡೇ ಮಾತು: 'ಮರಾಠಿ ಬರ್ತದ', 'ಲೆಕ್ಕ ಛಲೋ', 'ಕೊನೀ ಬಸ್ಸು ಎಂಟೂವರಿ'. ನಿಮ್ಮ ನಂಬರ್ ಬದಲಾದರೆ ಬಂದು ಹೇಳಿ ಹೋಗಿ. ಹೊಸದಾಗಿ ಸೇರಿದವರಲ್ಲಿ ಒಬ್ಬಿಬ್ಬರು ಮೊದಲ ಪಗಾರ ತೆಗೆದುಕೊಂಡು ಮಾರನೆಯ ದಿನದಿಂದ ಕಾಣೆಯಾಗುವುದು ಇದ್ದದ್ದೇ. ನಮ್ಮಲ್ಲಿ ಪಗಾರ ಆಗುವುದು ತಿಂಗಳ ಏಳಕ್ಕೆ. ಎಂಟು, ಒಂಬತ್ತನೇ ತಾರೀಖು ನಾನು ಆ ನೋಟ್‌ಬುಕ್ ತೆರೆದು ಫೋನ್ ಮಾಡಲು ಕೂರುತ್ತೇನೆ, ಫೋನ್ ಎತ್ತಿದವರು ಹತ್ತಕ್ಕೆ ಕೆಲಸಕ್ಕೆ ಬರುತ್ತಾರೆ.